ಹುಲಿ ನೋಡಲು ಹೋದ ಆಯಿ

ಇಪ್ಪತ್ತು ವರ್ಷದಿಂದ ಚಿಕ್ಕೋಡಿ ಕಡೆಯ ಮಂದಿಯನ್ನು ಕ್ರೂಸರ್‌ ಗಾಡಿಯಲ್ಲಿ ತುಂಬಿಕೊಂಡು ಊರೂರು ತೋರಿಸುತ್ತಿದ್ದೇನೆ. ನಗುವ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋಗುವುದಿಲ್ಲ. ಅವೇ ಬಾಡಿಗೆ ಮಾತಾಡಿ ಹಿಂದಿನ ಸೀಟಿನಲ್ಲಿ ಕೂತಿರುತ್ತವೆ. ಕಳೆದ ಚಳಿಗಾಲದಲ್ಲಿ ಸದಲಗಾದ ಒಂದು ಜೈನ ಮನೆಯವರನ್ನು ದಾಂಡೇಲಿ ಕಾಡಿಗೆ ಕರೆದೊಯ್ದಾಗ ಒಂದೇ ದಿನಕ್ಕೆ ಮೂರು ಸಿಕ್ಕವು.

ಹೊರಟದ್ದೇ ಮನೆಯ ಹಿರಿಯರಾದ ಆಯಿಗೋಸ್ಕರ. ಅವರ ಯಜಮಾನರು ಹರೆಯದಲ್ಲಿ ಮನೆ ಕಟ್ಟಲು ತೇಗದ ಕಟ್ಟಿಗೆ ತರಲು ಹೋಗಿ ಆ ಕಾಡಿನಲ್ಲಿ ಹುಲಿ ನೋಡಿದ್ದರಂತೆ. ತೀರಿಕೊಳ್ಳುವವರೆಗೂ ಅದೇ ಮಾತು. ಗಾಡಿ ಹತ್ತುವಾಗಲೇ ಆಯಿ ನನಗೆ ಹೇಳಿದರು: “ತಮ್ಮಾ, ನಲವತ್ತು ವರ್ಷ ಕಿವಿ ತಿಂದಾರ. ‘ಒಲಿ ಮುಂದ ಕುಂತಾಕಿ, ನೀ ಏನ್ ನೋಡೀದಿ’ ಅಂತಿದ್ರು. ಒಮ್ಮೆ ನಾನೂ ನೋಡಬೇಕು. ಮ್ಯಾಲ ಹೋದಾಗ ಉತ್ತರಾ ಕೊಡಬೇಕಲ್ಲ!”

೧. ಗೇಟಿನಲ್ಲಿ

ಕಾಡಿನೊಳಗೆ ಪ್ಲಾಸ್ಟಿಕ್ ಬಿಡುವುದಿಲ್ಲ. ಗೇಟಿನ ಕಾವಲುಗಾರ ಎಲ್ಲರ ಚೀಲ ತೆಗೆಸಿ ನೋಡಿದ. ಆಯಿಯ ಚೀಲದಲ್ಲಿ ಬರೀ ಸ್ಟೀಲ್ ಡಬ್ಬಿಗಳು. ನೀರು ಕೂಡ ಸೋಸಿ ತಾಮ್ರದ ತಂಬಿಗೆಯಲ್ಲಿ ತಂದದ್ದು. ಅವನಿಗೆ ಖುಷಿಯೋ ಖುಷಿ. “ಎಲ್ಲಾರೂ ಹಿಂಗ ಬಂದ್ರ ಎಷ್ಟು ಚಲೋ” ಎಂದ. ಹೊಗಳಿದವನನ್ನು ಆಯಿ ಬರಿಗೈಯಲ್ಲಿ ಬಿಡುವವರಲ್ಲ. ಎರಡು ರೊಟ್ಟಿ, ಮೇಲೆ ಶೇಂಗಾ ಚಟ್ನಿ ಇಟ್ಟು ಕೊಟ್ಟರು.

ಅವನು ಒಂದು ತುತ್ತು ತಿಂದು, “ಒಂದು ಉಳ್ಳಾಗಡ್ಡಿ ಇದ್ರ ಕೊಡ್ರಿ ಅಜ್ಜಿ” ಎಂದ.

ಆಯಿ ಡಬ್ಬಿಯ ಮುಚ್ಚಳ ಹಾಕುತ್ತ ಹೇಳಿದರು: “ಪ್ಲಾಸ್ಟಿಕ್ ನಿನ್ನ ಗೇಟ್ ದಾಟೂದಿಲ್ಲ, ಉಳ್ಳಾಗಡ್ಡಿ ನನ್ನ ಗೇಟ್ ದಾಟೂದಿಲ್ಲಪ್ಪ.”

೨. ಗವಿಯಲ್ಲಿ

ಸುಣ್ಣದ ಕಲ್ಲಿನ ಗವಿಗೆ ಮೆಟ್ಟಿಲಿಳಿದು ಹೋದೆವು. ಆಯಿಯ ಮಗ ಕಬ್ಬು ಬೆಳೆಯುವವರು, ಬೆಳೆಯ ಹಾಗೇ ದೇಹವೂ ಭರ್ತಿ. ಅವರನ್ನು ಕಿರಿದಾದ ಸಂದಿಯಿಂದ ಒಳಗೆ ತೂರಿಸುವಷ್ಟರಲ್ಲಿ ನನಗೂ ಅಲ್ಲಿನ ಗೈಡಿಗೂ ಬೆವರು ಕಿತ್ತುಬಂತು.

ಒಳಗೆ ಲಿಂಗದಂತೆ ಮೂಡಿ ನಿಂತ ಒಂದು ಕಲ್ಲಿನ ಮೇಲೆ ಗೈಡ್ ಬ್ಯಾಟರಿ ಬಿಟ್ಟು ಮೆಲುದನಿಯಲ್ಲಿ ವಿವರಿಸಿದ: “ಹನಿ ಹನಿ ನೀರು ತೊಟ್ಟಿಕ್ಕಿ, ಅದರಾಗಿನ ಸುಣ್ಣ ಕುಂತು ಕುಂತು ಈ ಕಲ್ಲು ಬೆಳದೈತ್ರಿ. ಸಾವಿರಾರು ವರ್ಷ ಬೇಕಾಗೈತಿ.”

ಎಲ್ಲರೂ ಕೈ ಮುಗಿದರು. ಮಗ ಮಾತ್ರ ಕಲ್ಲನ್ನು ನೋಡಿ ತಲೆಯಾಡಿಸಿದರು. “ನಮ್ಮ ಕಬ್ಬಿನ ಡ್ರಿಪ್ ಪೈಪಿನಾಗೂ ಇದ ಸುಣ್ಣದ ರೋಗ. ಆಸಿಡ್ ಬಿಡ್ರಿ, ಒಂದ ದಿನದಾಗ ಕ್ಲೀನ್ ಆಗ್ತೈತಿ.”

ಅಲ್ಲಿಂದ ಹೊರಗೆ ಬರುವವರೆಗೆ ಗೈಡ್ ಅವರಿಗೂ ಕಲ್ಲಿಗೂ ನಡುವೆಯೇ ನಡೆದ.

೩. ಜೀಪಿನಲ್ಲಿ

ಸಂಜೆ ಸಫಾರಿ. “ಬಾ ತಮ್ಮಾ” ಎಂದು ಆಯಿ ನನ್ನನ್ನೂ ಜೀಪಿಗೆ ಹತ್ತಿಸಿದರು. ಈ ಕಾಡಿನಲ್ಲಿ ಹುಲಿ ಕಾಣುವುದು ಬಲು ಅಪರೂಪ, ಕಂಡರೆ ಯಾರೂ ಪಿಟ್ಟೆನ್ನಬಾರದು ಎಂದು ಗೈಡ್ ಮೊದಲೇ ತಾಕೀತು ಮಾಡಿದ. ಜಿಂಕೆ ಕಂಡವು, ಕಾಡುಕೋಣ ಕಂಡಿತು. ಆಯಿಗೆ ಅವು ಯಾವುವೂ ಲೆಕ್ಕಕ್ಕಿಲ್ಲ.

ಹೊತ್ತು ಮುಳುಗಿತು. ಆ ಹೊತ್ತಿಗೆ ಆಯಿ ದಿನವೂ ಜಪಕ್ಕೆ ಕೂರುತ್ತಾರೆ. ಒಮ್ಮೆ ಕಣ್ಣು ಮುಚ್ಚಿದರೆ ನೂರೆಂಟು ಮಣಿ ಮುಗಿಯುವವರೆಗೆ ತೆರೆಯುವುದಿಲ್ಲ. ಮನೆಗೆ ಬೀಗರು ಬಂದರೂ ಅಷ್ಟೆ. ಜೀಪಿನಲ್ಲೇ ಮಾಲೆ ಹಿಡಿದರು.

ಐದು ನಿಮಿಷವೂ ಆಗಿಲ್ಲ, ಪೊದೆಯಿಂದ ಹುಲಿ ಬಂತು. ಬಂದದ್ದು ದಾರಿಯ ನಡುವೆ ಕುಳಿತೇಬಿಟ್ಟಿತು. ಗೈಡ್ ತುಟಿಯ ಮೇಲೆ ಬೆರಳಿಟ್ಟ. ಮಗ ಮೆಲ್ಲಗೆ ತಾಯಿಯ ಮೊಣಕೈ ಅಮುಕಿದರು. ಆಯಿ ಕಣ್ಣು ತೆರೆಯದೆಯೇ ಆ ಕೈಯನ್ನು ಎತ್ತಿ ಪಕ್ಕಕ್ಕಿಟ್ಟರು. ನನಗಂತೂ ಅಳುವೇ ಬಂದಂತಾಯಿತು. ಹುಲಿ ಆಯಿಯನ್ನೇ ಸಾವಕಾಶ ನೋಡಿ, ಆಕಳಿಸಿ, ಎದ್ದು ಹೋಯಿತು.

ಕೊನೆಯ ಮಣಿ ಮುಗಿಸಿ ಆಯಿ ಕಣ್ಣು ಬಿಟ್ಟರು. “ಬಂತೇನು?”

“ಬಂದು ಹೋತಬೇ” ಎಂದರು ಮಗ. “ನಿನ್ನ ನೋಡಕೋತ ಕುಂತಿತ್ತು.”

ಆಯಿ ಮಾಲೆಯನ್ನು ಚೀಲಕ್ಕೆ ಹಾಕಿಕೊಂಡರು. ದಾರಿಯುದ್ದಕ್ಕೂ ಯಾರಿಗೂ ಅವರ ಮುಖ ನೋಡುವ ಧೈರ್ಯ ಬರಲಿಲ್ಲ. ಗೇಟಿನಲ್ಲಿ ಜೀಪು ನಿಂತಾಗ ಬೆಳಗಿನ ಕಾವಲುಗಾರ ಓಡಿ ಬಂದು ಕೇಳಿದ, “ಹುಲಿ ನೋಡಿದ್ರೇನ್ರಿ ಅಜ್ಜಿ?”

ಆಯಿ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತರು.

“ನಮ್ಮವ್ರು ಹುಲಿ ನೋಡಿದ್ರಪ್ಪ. ನನ್ನ ನೋಡಾಕ ಹುಲೀನ ಬಂದಿತ್ತು. ನನಗ ಪುರುಸೊತ್ತ ಇರಲಿಲ್ಲ.”