ಡೆನ್ಮಾರ್ಕಿನ ಹುಡುಗಿಯರು ಮತ್ತು ನಮ್ಮ ನಿಧಿ

ಹಾಸ್ಯ ಸಿನಿಮಾ ನೋಡಿ ಎದೆ ಡವಗುಟ್ಟಿಸಿಕೊಂಡವನು ಬಹುಶಃ ನಾನೊಬ್ಬನೇ ಇರಬೇಕು. ಸಿನಿಮಾದವರ ತಪ್ಪಲ್ಲ. ಬೆಳೆದ ಮಗಳು ಊರಲ್ಲಿಲ್ಲದಾಗ ಅಂಥದ್ದನ್ನು ನೋಡಲು ಕೂತದ್ದು ನನ್ನ ಅವಿವೇಕ.

ಮಗಳು ನಿಧಿ ಇಬ್ಬರು ಗೆಳತಿಯರೊಂದಿಗೆ ಲಂಕಾವಿ ದ್ವೀಪಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಥಾಯ್ಲೆಂಡಿನ ಯಾವುದೋ ಪುಟ್ಟ ದ್ವೀಪಕ್ಕೆ ಹೋಗಿದ್ದಳು. ಮಲಯ ಮಾತಾಡುವ ಈ ದೇಶದಲ್ಲಿ, ನಾವಿರುವ ಬಯಾನ್ ಲೆಪಾಸ್‌ನಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಉಪದೇಶ ಮಾಡಿದರೆ, ಇಲ್ಲಿಯವರ ಹಾಗೆ 'ಲಾ' ಸೇರಿಸಿ, "ರಿಲ್ಯಾಕ್ಸ್ ಲಾ ಪಪ್ಪಾ" ಎನ್ನುತ್ತಾಳೆ. ಚಿಪ್ ಕಾರ್ಖಾನೆಯಲ್ಲಿ ದೋಷ ಹುಡುಕುವುದೇ ನನ್ನ ಉದ್ಯೋಗ. ದೋಷ ಕಾಣಲಿಲ್ಲವೆಂದರೆ ಸರಿಯಾಗಿ ನೋಡಿಲ್ಲ ಎಂದೇ ನಮ್ಮಲ್ಲಿ ಅರ್ಥ. ರಿಲ್ಯಾಕ್ಸ್ ಆಗುವ ಮಾತೆಲ್ಲಿ ಬಂತು?

ಅವರು ವಾಪಸಾಗಬೇಕಿದ್ದ ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ಸುಮಾ ಟಿವಿಯಲ್ಲಿ ಒಂದು ಡೇನಿಷ್ ಸಿನಿಮಾ ಹಾಕಿದಳು. ಹುಡುಗಿಯರು ಪರದೇಶ ಸುತ್ತುವ ತಮಾಷೆಯ ಕಥೆ. ಒಬ್ಬಳ ಪಾಸ್‌ಪೋರ್ಟನ್ನು ಮೇಕೆ ತಿನ್ನುತ್ತದೆ. ಇನ್ನೊಬ್ಬಳು ತಪ್ಪು ಹಡಗು ಹತ್ತಿ ಯಾರದೋ ಮದುವೆ ದಿಬ್ಬಣದ ಜೊತೆ ಹೊರಟೇ ಹೋಗುತ್ತಾಳೆ. ಸುಮಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಾನು ಸೋಫಾದ ತುದಿಗೆ ಬಂದಿದ್ದೆ. ನಿಧಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಗೆಳತಿಯರದ್ದೂ ಅದೇ.

"ಚಾರ್ಜ್ ಮುಗ್ದಿರತ್ತೆ ಕಣ್ರೀ. ಸುಮ್ನೆ ಕೂತ್ಕೊಳ್ಳಿ," ಎಂದಳು ಸುಮಾ.

ಕೂರಲಾಗಲಿಲ್ಲ. ದೋಣಿ ಕಂಪನಿಗೆ ಫೋನ್ ಮಾಡಿದೆ. ಕಡಲು ಒರಟಾಗಿದೆ, ದೋಣಿಗಳ ಸಮಯ ಹೇಳಲಾಗದು ಎಂದರು. ಅಷ್ಟು ಸಾಕಾಯಿತು. ಸುಮಾಳಿಗೂ ಹೇಳದೆ ಕಾರಿನ ಕೀಲಿ ಎಳೆದುಕೊಂಡು, ಲಂಕಾವಿಯ ದೋಣಿಗಳು ಬಂದು ನಿಲ್ಲುವ ಕ್ವಾಲಾ ಪೆರ್ಲಿಸ್ ಜೆಟ್ಟಿಯತ್ತ ಹೊರಟೆ. ಅರ್ಧ ದಾರಿಯಲ್ಲಿ ಜೇಬು ಮುಟ್ಟಿಕೊಂಡರೆ ನನ್ನ ಫೋನು, ಪರ್ಸು ಎರಡೂ ಇರಲಿಲ್ಲ. ತಿರುಗಿ ಹೋಗುವ ವ್ಯವಧಾನವೂ ಇರಲಿಲ್ಲ.

ಜೆಟ್ಟಿಯಲ್ಲಿ ಆಕಾಶ ಕಪ್ಪಾಗಿತ್ತು. ಒಂದು ದೋಣಿ ಓಲಾಡುತ್ತ ಬಂದು ನಿಂತಿತು. ಮುಖ ಬಿಳುಚಿಕೊಂಡ ಜನ ಒಬ್ಬರನ್ನೊಬ್ಬರು ಹಿಡಿದುಕೊಂಡು ಇಳಿದರು. ಒಬ್ಬ ಮುದುಕಿ ನೆಲಕ್ಕೆ ಕೂತು ಅತ್ತೇಬಿಟ್ಟಳು. ನನ್ನ ಮೂವರು ಅದರಲ್ಲಿರಲಿಲ್ಲ. ಹಗ್ಗ ಕಟ್ಟುತ್ತಿದ್ದವನನ್ನು ಕೇಳಿದೆ: ಇನ್ನೊಂದು ದೋಣಿ ಇದೆಯೇ? ಅವನು ಕಡಲಿನತ್ತ ನೋಡಿ, "ಗೊತ್ತಿಲ್ಲ ಬಾಸ್," ಎಂದು ಮಲಯದಲ್ಲಿ ಹೇಳಿದ. ಬೇಲಿಯ ಕಂಬಿ ಹಿಡಿದು ನಿಂತೆ. ನಿಧಿ ಹೊರಡುವಾಗ ಅವಳಿಗೆ ನೆಟ್ಟಗೆ ಒಂದು ಟಾಟಾ ಕೂಡ ಮಾಡದೆ, ಲೈಫ್ ಜಾಕೆಟ್ಟಿನ ಭಾಷಣ ಬಿಗಿದಿದ್ದೆ. ಕಣ್ಣು ಮಂಜಾಯಿತು.

"ಪಪ್ಪಾ! ವಾಟ್ ಆರ್ ಯೂ ಡೂಯಿಂಗ್ ಹಿಯರ್?"

ತಿರುಗಿದೆ. ನಿಧಿ! ಹಿಂದೆ ಗೆಳತಿಯರು, ಬಿಸಿಲಿಗೆ ಕೆಂಪಾದ ಮೂಗುಗಳು. ಹವಾಮಾನ ಕೆಡುವುದನ್ನು ನೋಡಿ ಅವರು ಮುಂಚಿನ ದೋಣಿಯಲ್ಲೇ ಬಂದಿದ್ದರು. ಚಾರ್ಜರ್ ಹೋಟೆಲಿನಲ್ಲಿ ಮರೆತದ್ದರಿಂದ ಪಕ್ಕದಲ್ಲಿದ್ದ ತಮಿಳು ಮುಸ್ಲಿಮರ ಮಾಮಕ್ ತಿಂಡಿ ಅಂಗಡಿಯಲ್ಲಿ ರೊಟ್ಟಿ ತಿನ್ನುತ್ತ ಅಲ್ಲಿಯವರದನ್ನೇ ಪಡೆದು ಫೋನಿಗೆ ಜೀವ ತುಂಬಿದ್ದರು. ತುಂಬಿದ ಕೂಡಲೇ ಸುಮಾಳ ಕರೆ: "ನೀನು ಹೇಗಾದ್ರೂ ಬರ್ತೀಯಾ ಬಿಡು. ಅಪ್ಪ ಕಾಣಿಸ್ತಿಲ್ಲ, ಫೋನೂ ಇಲ್ಲೇ ಇದೆ, ಜೆಟ್ಟಿಗೇ ಓಡಿರ್ಬೇಕು, ಹುಡುಕೇ!"

ನಿಧಿ ನನ್ನ ತೋಳು ಬಿಡದೆ ಮನೆಗೆ ಫೋನ್ ಮಾಡಿದಳು. "ಅಮ್ಮಾ, ಫೌಂಡ್ ಹಿಮ್. ಹೀ ಈಸ್ ಓಕೆ. ಜಸ್ಟ್ ಹಂಗ್ರಿ."

ರೊಟ್ಟಿ ಕೊಡಿಸಿದರು. ಕಾರಿನ ಕೀಲಿಯನ್ನೂ ಕಿತ್ತುಕೊಂಡರು. ನಿಧಿ ಕಾರು ಓಡಿಸಿದಳು. ನನ್ನನ್ನು ಹಿಂದಿನ ಸೀಟಿನಲ್ಲಿ ಬ್ಯಾಗುಗಳ ನಡುವೆ ಕೂರಿಸಿದರು. ಹೆದ್ದಾರಿಗೆ ಸೇರುವ ಮೊದಲು ಒಬ್ಬ ಗೆಳತಿ ಹಿಂತಿರುಗಿ ಬಲು ಕಾಳಜಿಯಿಂದ ಕೇಳಿದಳು:

"ಅಂಕಲ್, ಟಾಯ್ಲೆಟ್‌ಗೆ ಹೋಗ್ಬೇಕಾ? ಈಗ್ಲೇ ಹೇಳ್ಬಿಡಿ."