ಕೆಂಪು ಟೋಪಿಯವರ ತಕರಾರು

ಒಬ್ಬನೇ ಮನುಷ್ಯ ಆಡುವುದು ಆಟವಲ್ಲ ಎಂದು ಪುರಸಭೆಯ ಕ್ರೀಡಾ ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ. ಎದುರಾಳಿ ಇಲ್ಲದೆ ಸೋಲಿಲ್ಲ, ಸೋಲಿಲ್ಲದೆ ಗೆಲುವಿಲ್ಲ, ಎರಡೂ ಇಲ್ಲದ ಮೇಲೆ ಶುಲ್ಕವನ್ನು ಯಾರಿಂದ ವಸೂಲು ಮಾಡುವುದು ಎಂಬ ಗಹನವಾದ ಚಿಂತನೆಯಿಂದ ಹುಟ್ಟಿದ ನಿಯಮವದು. ಅದನ್ನು ಈವರೆಗೆ ಯಾರೂ ವಿರೋಧಿಸಿರಲಿಲ್ಲ, ಯಾಕೆಂದರೆ ಯಾರೂ ಓದಿರಲಿಲ್ಲ.

ನಕ್ಷೆ ಯಜಮಾನರಂತೂ ಓದಿರಲೇ ಇಲ್ಲ. ಭೂಮಾಪನ ಕಚೇರಿಯಲ್ಲಿ ಆಯುಷ್ಯವಿಡೀ ನಕ್ಷೆ ಬರೆದು ನಿವೃತ್ತರಾದ ಅವರಿಗೆ ಬೀದಿಯವರು ಇಟ್ಟ ಹೆಸರು ಅದು. ಊಟದ ಟೇಬಲ್ಲಿನ ಮೇಲೆ ತಾವೇ ಬಣ್ಣ ಹಚ್ಚಿದ ನಕ್ಷೆ ಹಾಸಿ, ನದಿ, ನದಿಗೊಂದು ಸೇತುವೆ, ಪಕ್ಕಕ್ಕೊಂದು ಗುಡ್ಡ ಮಾಡಿ, ರಟ್ಟಿನ ಸೈನಿಕರನ್ನು ನಿಲ್ಲಿಸಿ, ದಾಳ ಉರುಳಿಸಿ, ಹಳೆಯ ಕಾಲದ ಒಂದು ಯುದ್ಧವನ್ನು ಅವರು ಮತ್ತೆ ಮತ್ತೆ ಆಡುತ್ತಿದ್ದರು. ಆ ಯುದ್ಧದಲ್ಲಿ ನೀಲಿ ಸೇನೆ ಸೋತಿತ್ತು. ಗುಡ್ಡದ ಹಿಂದೆ ಕಾದಿದ್ದ ಅದರ ಕುದುರೆ ಪಡೆಗೆ ‘ಇಳಿಯಿರಿ’ ಎಂಬ ಆದೇಶ ಮುಟ್ಟಿದಾಗ ಯುದ್ಧವೇ ಮುಗಿದಿತ್ತು. ಪಾಪದ ಆ ನೀಲಿ ದಂಡನಾಯಕನನ್ನು ಒಂದೇ ಒಂದು ಸಲ ಗೆಲ್ಲಿಸಿ ಕಣ್ಣು ಮುಚ್ಚಬೇಕು ಎಂಬುದು ಯಜಮಾನರ ಆಸೆ.

ಆದರೆ ಮೋಸ ಮಾಡಿ ಅಲ್ಲ. ನೀಲಿಯ ಸರದಿಗೆ ನೀಲಿ ಟೋಪಿ; ಆಮೇಲೆ ಟೇಬಲ್ಲು ಸುತ್ತಿ ಆಚೆ ಕುರ್ಚಿಗೆ ಹೋಗಿ ಕೆಂಪು ಟೋಪಿ. ಟೋಪಿ ಬದಲಾದ ಕೂಡಲೇ ಈಚೆ ಬದಿಯ ಗುಟ್ಟನ್ನೆಲ್ಲ ಮರೆತುಬಿಡಬೇಕು. ಮರೆಯುತ್ತಿದ್ದರು ಕೂಡ.

“ಅಲ್ರೀ, ಎರಡೂ ಕಡೆ ನೀವೇ ತಾನೆ? ನೀಲಿಯೋರಿಗೆ ಒಂದು ಸಲ ಬಿಟ್ಟುಕೊಡಿ. ನನ್ನ ಟೇಬಲ್ಲು ನನಗೆ ಸಿಗತ್ತೆ,” ಎಂದು ಹೆಂಡತಿ ಹೇಳಿ ಹೇಳಿ ಸೋತಿದ್ದರು.

“ಬಿಟ್ಟುಕೊಟ್ಟದ್ದು ಆ ಕಡೆಯೋನಿಗೆ ಗೊತ್ತಾದ್ರೆ?” ಎಂದು ಯಜಮಾನರು ದನಿ ತಗ್ಗಿಸಿ ಕೇಳುತ್ತಿದ್ದರು.

ಕೊನೆಗೊಂದು ದಿನ ದಾಳ ನೀಲಿಗೆ ಒಲಿಯಿತು. ನೀಲಿ ಕಾಲಾಳುಗಳು ಸೇತುವೆ ಹಿಡಿದರು. ಇನ್ನು ಗುಡ್ಡದ ಹಿಂದಿನ ಕುದುರೆ ಇಳಿದರೆ ಮುಗಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಯಜಮಾನರ ಕೈ ಕುದುರೆಯ ಬೆನ್ನ ಮೇಲಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಬಂದವರು ಪುರಸಭೆಯ ಕ್ರೀಡಾ ನಿರೀಕ್ಷಕರು.

“ಎದುರಾಳಿ ಎಲ್ಲಿ?”

“ನಾನೇ.”

“ಹಾಗಾದ್ರೆ ನೀವು ಯಾರು?”

“ನಾನು ನೀಲಿ.”

ನಿರೀಕ್ಷಕರು ಹೆಂಡತಿಯ ಕಡೆ ತಿರುಗಿದರು. “ಆ ಇನ್ನೊಬ್ಬರು ಇಲ್ಲಿ ಬಾಡಿಗೆಗಿದ್ದಾರಾ ಅಮ್ಮಾ?”

“ಬಾಡಿಗೆ ಎಲ್ಲಿಂದ ಬಂತು! ಪುಕ್ಕಟೆ ಇದ್ದಾರೆ. ಊಟಾನೂ ನಂದೇ.”

ನಿರೀಕ್ಷಕರು ಟೇಬಲ್ಲಿನ ಸುತ್ತ ಪಟ್ಟಿ ಕಟ್ಟಿ ಮೊಹರು ಹಾಕಿದರು. ಆದೇಶವನ್ನು ಗಟ್ಟಿಯಾಗಿ ಓದಿ ಹೇಳಿದರು: “ಎದುರಾಳಿಯ ಅಸ್ತಿತ್ವ ಇತ್ಯರ್ಥವಾಗುವವರೆಗೆ ಕಾಲಾಳು, ಕುದುರೆ, ಫಿರಂಗಿ ಯಾವುದೂ ಕದಲತಕ್ಕದ್ದಲ್ಲ. ಕದಲಿದಲ್ಲಿ ಸದರಿ ಕುದುರೆಯನ್ನೇ ಹೊಣೆಯಾಗಿಸಲಾಗುವುದು.” ಹೊರಡುವಾಗ ಹೊಸ್ತಿಲಲ್ಲಿ ನಿಂತು, ಚಹಾ ಖರ್ಚಿಗೇನಾದರೂ ನೋಡಿಕೊಂಡರೆ ಕುದುರೆ ಸಂಜೆಯೊಳಗೇ ಇಳಿಯಬಹುದು ಎಂದೂ ಸೂಚಿಸಿದರು. ನೀಲಿ ಟೋಪಿಯ ಯಜಮಾನರು, ಲಂಚದಿಂದ ಸಿಗುವ ಸೇತುವೆ ತಮಗೆ ಬೇಡವೆಂದರು. ಗಂಡಹೆಂಡಿರ ಊಟ ನೆಲಕ್ಕಿಳಿಯಿತು.

ಕುದುರೆ ಇಳಿಸಲು ಅನುಮತಿ ಕೋರಿ ನೀಲಿಯವರು ಅರ್ಜಿ ಹಾಕಿದರು. ವಿಚಾರಣೆಯ ದಿನ ಮುಖ್ಯಾಧಿಕಾರಿಗಳು, “ಪ್ರತಿವಾದಿಗಳು ಹಾಜರಿದ್ದಾರಾ?” ಎಂದು ಕೇಳಿದರು. ಯಜಮಾನರು ಚೀಲದಿಂದ ಕೆಂಪು ಟೋಪಿ ತೆಗೆದು ಹಾಕಿಕೊಂಡು, ಮೇಜು ಸುತ್ತಿ ಎದುರು ಕುರ್ಚಿಯಲ್ಲಿ ಕೂತರು. ಅಧಿಕಾರಿಗಳಿಗೆ ಸಮಾಧಾನವಾಯಿತು.

“ನಿಮ್ಮದೇನಾದ್ರೂ ತಕರಾರಿದೆಯಾ?”

ಇಲ್ಲ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹಿಂದಿನ ಬೆಂಚಿನಲ್ಲಿ ಹೆಂಡತಿ ಕಣ್ಸನ್ನೆಯನ್ನೂ ಮಾಡಿದರು. ಆದರೆ ತಲೆಯ ಮೇಲೆ ಕೆಂಪು ಟೋಪಿ ಇತ್ತಲ್ಲ!

“ಇದೆ ಸ್ವಾಮಿ. ಕುದುರೆ ಈಗ ಇಳಿದ್ರೆ ನನ್ನ ಸೇನೆ ನೀರುಪಾಲು. ವಿಚಾರಣೆ ಮುಂದೂಡಬೇಕು.” ಹೀಗೆಂದವರೇ, ಚಹಾ ಖರ್ಚನ್ನು ನಿರೀಕ್ಷಕರ ಕೈಗೆ ಮೃದುವಾಗಿ ದಾಟಿಸಿದರು. ಯುದ್ಧದಲ್ಲಿ ಎಲ್ಲವೂ ಸಲ್ಲುತ್ತದೆ ಎಂಬುದು ಕೆಂಪು ದಂಡನಾಯಕನ ಮೊದಲಿನಿಂದಲೂ ಇದ್ದ ಮತ.

“ಎಂಥ ತಿಳಿವಳಿಕಸ್ಥರು!” ಎಂದರು ಮುಖ್ಯಾಧಿಕಾರಿಗಳು.

ದಾರಿಯಲ್ಲಿ ಹೆಂಡತಿ ಕೇಳಿದರು, “ಯಾರ ಜೇಬಿಂದ ಕೊಟ್ರಿ?”

“ಅವನ ಜೇಬಿಂದ.”

“ಅವನ ಜೇಬು ಎಲ್ಲಿದೆ?”

ಯಜಮಾನರು ಕೆಂಪು ಟೋಪಿಯನ್ನು ಚೀಲದ ತಳಕ್ಕೆ ತುರುಕಿದರು.

ಮಧ್ಯಂತರ ಆದೇಶ ಬಂತು. ಅರ್ಜಿ ಬಾಕಿ ಇರುವುದು ನೀಲಿಯವರದು, ಆದಕಾರಣ ಅವರು ಕದಲುವಂತಿಲ್ಲ. ಕೆಂಪು ಟೋಪಿಯವರು ಯಾವ ಅರ್ಜಿಯನ್ನೂ ಹಾಕಿಲ್ಲ, ಸಹಕರಿಸಿಯೂ ಇದ್ದಾರೆ. ಆದಕಾರಣ ಅವರು ತಮ್ಮ ಸರದಿಗಳನ್ನು ನಿರಾತಂಕವಾಗಿ ಮುಂದುವರಿಸಬಹುದು. ನಿರೀಕ್ಷಕರು ಬಂದು ಕೆಂಪು ಬದಿಯ ಪಟ್ಟಿಯನ್ನಷ್ಟೇ ಬಿಚ್ಚಿ ಹೋದರು.

“ಸುಮ್ನೆ ಕೂತಿರೋಕೆ ಹೇಳ್ರೀ ಆ ಮಹಾರಾಯನಿಗೆ,” ಎಂದು ಹೆಂಡತಿ ಅಂಗಲಾಚಿದರು. “ಇಷ್ಟು ವರ್ಷದ ಆಸೆ ನಿಮ್ದು!”

“ಹೇಳಿ ನೋಡ್ತೀನಿ,” ಎಂದು ಯಜಮಾನರು ಆಚೆ ಬದಿಗೆ ಹೋಗಿ ಟೋಪಿ ಹಾಕಿಕೊಂಡರು. ಸೇತುವೆಯನ್ನು ನೋಡಿದರು. ನೀಲಿ ಕಾಲಾಳುಗಳು ಕದಲದೆ ನಿಂತಿದ್ದರು. ಹೆಂಡತಿ ಕಾದರು.

“ಇಲ್ಲ ಕಣೇ. ಕೈಗೆ ಬಂದ ಅವಕಾಶ ಬಿಡೋನು ದಂಡನಾಯಕನೇ ಅಲ್ಲ ಅಂತಾನೆ.” ಹೀಗೆಂದು ಫಿರಂಗಿ ಸರಿಸಿದರು. ಸೇತುವೆ ಬಿತ್ತು. ಸತ್ತ ಸೈನಿಕರನ್ನು ಡಬ್ಬಿಗೆ ಹಾಕುವಾಗ ಮಾತ್ರ ಅವರು ಟೋಪಿ ತೆಗೆದಿಟ್ಟರು; ಆಗ ಯಾರು ಅತ್ತರೆಂದು ಹೇಳುವುದು ಕಷ್ಟ.

ಆಮೇಲೆ ಅಂತಿಮ ಆದೇಶ ಬಂತು: ‘ನೀಲಿ ಕುದುರೆ ಪಡೆಯು ಗುಡ್ಡದಿಂದ ಇಳಿಯಲು ಅಡ್ಡಿಯಿಲ್ಲ.’ ಯಜಮಾನರು ನೀಲಿ ಟೋಪಿ ಹಾಕಿಕೊಂಡು ರುಜು ಮಾಡಿ ತೆಗೆದುಕೊಂಡರು.

“ಇತಿಹಾಸದಲ್ಲಿ ಏನಾಗಿತ್ತು?” ನಿರೀಕ್ಷಕರು ಕುತೂಹಲದಿಂದ ಕೇಳಿದರು.

“ಆದೇಶ ತಡವಾಗಿ ಬಂತು.”

“ಮತ್ತೆ? ಎಲ್ಲಾ ಸರಿಯಾಗೇ ಆಗಿದೆಯಲ್ಲ!” ಎಂದ ಅವರು, ಇಲಾಖೆಯ ಕ್ರಮದಿಂದ ಇತಿಹಾಸಕ್ಕೆ ಯಾವುದೇ ಚ್ಯುತಿ ಬಂದಿಲ್ಲವೆಂದು ಷರಾ ಬರೆದರು.

ಪುರಸಭೆ ಕೆಂಪು ಟೋಪಿಯವರನ್ನು ಗೌರವ ಕ್ರೀಡಾ ಸಲಹೆಗಾರರನ್ನಾಗಿ ನೇಮಿಸಿ ಶಾಲು ಹೊದಿಸಿತು. ಸಭೆಯಲ್ಲಿ ನೀಲಿಯವರಿಗೂ ಒಂದು ಕುರ್ಚಿ ಹಾಕಿದ್ದರು. ಅದು ಕೊನೆಯವರೆಗೂ ಖಾಲಿ ಇದ್ದದ್ದು ನೋಡಿ, ಸೋತವರು ಸ್ವಲ್ಪ ದೊಡ್ಡ ಮನಸ್ಸು ಮಾಡಬೇಕಿತ್ತು ಎಂದು ಜನ ಮಾತಾಡಿಕೊಂಡರು.

ಮನೆಯಲ್ಲಿ ಟೇಬಲ್ಲು ಬಿಡುಗಡೆಯಾಗಿತ್ತು. ಹೆಂಡತಿ ಎದುರುಬದುರಾಗಿ ಎರಡು ತಟ್ಟೆ ಇಟ್ಟರು.

“ಮೊದಲು ಅವರದಾಗಲಿ. ಎಷ್ಟಾದ್ರೂ ಆಫೀಸಿನೋರು. ನೀವು ಸ್ವಲ್ಪ ತಡೀರಿ.”

ಯಜಮಾನರಿಗೆ ಅದು ನ್ಯಾಯವೆನಿಸಿತು. ಕೆಂಪು ಟೋಪಿಯಲ್ಲಿ ಹೊಟ್ಟೆ ತುಂಬ ಉಂಡು, ಕೈ ತೊಳೆದು, ನೀಲಿ ಟೋಪಿ ಹಾಕಿಕೊಂಡು ಟೇಬಲ್ಲು ಸುತ್ತಿ ಈಚೆ ಬಂದು ಕೂತರು. ಪಾತ್ರೆಯ ತಳ ಕಾಣುತ್ತಿತ್ತು.

“ನೀವು ಬರೋದೇ ಯಾವಾಗಲೂ ತಡ,” ಎಂದರು ಹೆಂಡತಿ.

ಅದೂ ನಿಜವೇ ಆದ್ದರಿಂದ ನೀಲಿಯವರು ಒಂದು ಲೋಟ ನೀರು ಕುಡಿದು ಎದ್ದರು.