ತಾನಾಗಿ ಕೆಟ್ಟ ಗಾಡಿ

ಕಂಡಕ್ಟರ್ ಆ ಒಂದು ಮಾತು ಆಡದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಆಡದೆ ಸುಮ್ಮನಿರುವ ಬಾಯಿ ಆತನದಲ್ಲ.

ಬೆಳಿಗ್ಗೆ ಕನ್ನಡಕದ ಅಂಗಡಿಯವನು ಷೆಡ್ಡಿನ ಬಾಗಿಲು ತೆರೆದು, ಸೋದರಮಾವ ಬಿಟ್ಟುಹೋದ ಹಳೆಯ ಕಾರನ್ನು ದುರುಗುಟ್ಟಿ ನೋಡುತ್ತ ನಿಂತಿದ್ದ. ಎರಡು ವರ್ಷದಿಂದ ಅದು ಸ್ಟಾರ್ಟ್ ಆಗಿರಲಿಲ್ಲ. ಬೇರೆ ಕಡೆ ನಿಲ್ಲಿಸಲು ಜಾಗವೂ ಇರಲಿಲ್ಲ. ನೋಡಿದ ಮೆಕ್ಯಾನಿಕ್‌ಗಳೆಲ್ಲ ಕೈಚೆಲ್ಲಿದ್ದರು. ಆ ಷೆಡ್ಡಿನಲ್ಲಿ ಹೊಲಿಗೆ ತರಗತಿ ನಡೆಸಬೇಕೆಂದು ಹೆಂಡತಿ ಮದುವೆಯಾದಾಗಿನಿಂದ ಆಸೆಪಟ್ಟಿದ್ದಳು. ಗಂಡನನ್ನು ನಂಬಿದರೆ ಆಗುವ ಕೆಲಸವಲ್ಲವೆಂದು ತಾನೇ ಓಡಾಡಿ, ಮೆಕ್ಯಾನಿಕ್ ತರಬೇತಿ ಶಾಲೆಯ ಮೇಷ್ಟ್ರೊಬ್ಬರನ್ನು ಒಪ್ಪಿಸಿದ್ದಳು. ಸಂಜೆ ಅವರು ಬಂದು ಕಾರು ಒಯ್ಯುತ್ತಾರೆ, ಅದರ ಹಿಂದೆಯೇ ಹೊಲಿಗೆ ಯಂತ್ರಗಳು ಬರುತ್ತವೆ, ನಾಳೆಯಿಂದ ಕ್ಲಾಸು.

"ರೀ, ನಾನು ಯಂತ್ರ ತರೋಕೆ ಹೋಗ್ತಿದೀನಿ. ಮೇಷ್ಟ್ರು ಬರೋವರೆಗೂ ಗಾಡಿ ಮುಟ್ಬೇಡಿ."

"ನನಗೇ ಬುದ್ಧಿ ಹೇಳ್ತೀಯಾ?"

"ಹೌದು. ಷೆಡ್ಡು ಇವತ್ತು ಖಾಲಿಯಾಗ್ಲಿಲ್ಲ ಅಂದ್ರೆ ನನಗೂ ನಿಮಗೂ ಮಾತೇ ಇಲ್ಲ."

ಅವಳು ಗೇಟು ದಾಟಿದಳು. ಅವನಿಗೆ ಕೋಪ ಮೂಗಿನ ತುದಿಯಲ್ಲೇ. ಕನ್ನಡಕ ಮಾತ್ರ ಅದಕ್ಕಿಂತ ಒಂದಿಷ್ಟು ಮೇಲೆ ಕೂತಿರುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಕಾಂಪೌಂಡ್ ಗೋಡೆಯ ಆಚೆಯಿಂದ ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರನ ತಲೆ ಎದ್ದಿತು.

"ಅಲ್ಲಾ ಕನ್ನಡಕದವ್ರೇ, ಸ್ಟಾರ್ಟೇ ಆಗದ ಗಾಡೀನ ಯಾವ ಮಹಾನುಭಾವ ತಗೋತಾನೆ? ಬರ್ತಾರೆ, ನೋಡ್ತಾರೆ, ಮೂತಿ ತಿರುಗಿಸ್ಕೊಂಡು ಹೋಗ್ತಾರೆ. ಆಮೇಲೆ ಮನೆಯವ್ರ ಹತ್ರ ಬೈಗುಳ ತಿನ್ನೋರು ಯಾರು?"

ತಿನ್ನುವವನು ಗೋಡೆಯ ಬಳಿಗೆ ಓಡಿದ. "ಈಗೇನು ಮಾಡೋದು?"

"ನಾನಿದೀನಲ್ಲ! ಜೀವಮಾನ ಪೂರ್ತಿ ಬಸ್ಸಲ್ಲೇ ಕಳೆದೋನು."

ಕಳೆದದ್ದು ಟಿಕೆಟ್ ಹರಿದು. ಆದರೆ ಗಾಬರಿಯಲ್ಲಿರುವವನಿಗೆ ಅದೆಲ್ಲ ಹೊಳೆಯುವುದಿಲ್ಲ. ಗೋಡೆಯಾಚೆ ಕಂಡಕ್ಟರನ ಷೆಡ್ಡಿನಲ್ಲೂ ಅದೇ ಮಾದರಿಯ ಕಾರಿತ್ತು, ದಿನಾ ಓಡುತ್ತಿತ್ತು. ಅದರ ಬ್ಯಾಟರಿ ಬಿಚ್ಚಿ ತಂದು ಇದಕ್ಕೆ ಹಾಕಿದ್ದಾಯಿತು. ಕೀಲಿ ತಿರುಗಿಸಿದರೆ ಕಾರು ಕುಂಯ್ ಕುಂಯ್ ಎಂದು ನರಳಿತೇ ಹೊರತು ಹೊತ್ತಿಕೊಳ್ಳಲಿಲ್ಲ.

"ಚೋಕ್ ಎಳೀರಿ! ಇನ್ನೂ ಎಳೀರಿ! ಆಕ್ಸಿಲರೇಟರ್ ಒತ್ತಿ, ಬಿಡಿ, ಒತ್ತಿ!"

ಎಳೆದ, ಒತ್ತಿದ, ಬಿಟ್ಟ. ಷೆಡ್ಡೆಲ್ಲ ಪೆಟ್ರೋಲಿನ ನಾತ. ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಮಹಡಿ ಮನೆಯ ಹಲ್ಲಿನ ಡಾಕ್ಟರು ಇಳಿದು ಬಂದರು.

"ಕಾರ್ಬ್ಯುರೇಟರ್ ಉಕ್ಕಿ ಹರೀತಿದೆ, ಪ್ಲಗ್ ಒದ್ದೆಯಾಗಿರುತ್ತೆ," ಎಂದು ಬಗ್ಗಿ ನೋಡಿದರು. "ಕೀಳ್ಬೇಕು."

ಕೀಳುವುದೆಂದರೆ ಅವರ ಕೈ ತುರಿಸುತ್ತಿತ್ತು. ಅಂದು ರಜೆ ಬೇರೆ. ಮೊದಲ ಪಾಠಕ್ಕೆಂದು ಹೆಂಡತಿ ಇಸ್ತ್ರಿ ಮಾಡಿ ಮಡಿಸಿಟ್ಟಿದ್ದ ಬಿಳಿ ಬಟ್ಟೆಯನ್ನು ಹಾಸಿ, ನಾಲ್ಕೂ ಪ್ಲಗ್ ಕಿತ್ತು ಸಾಲಾಗಿ ಮಲಗಿಸಿದರು.

"ಎಲ್ಲಾ ಹುಳುಕು," ಎಂದು ತಲೆಯಾಡಿಸಿದರು.

"ನನ್ನ ಗಾಡೀದು ಹಾಕಿ ನೋಡೋಣ," ಎಂದ ಕಂಡಕ್ಟರ್. ಡಾಕ್ಟರು ಸಂತೋಷದಿಂದ ಆ ನಾಲ್ಕನ್ನೂ ಕಿತ್ತರು. ಆಗಲಿಲ್ಲ. ಇದರ ವೈರು ಅದಕ್ಕೆ, ಅದರ ವೈರು ಇದಕ್ಕೆ. ಆಗಲಿಲ್ಲ. ಕಾಯಿಲ್ ಬದಲಿಸಿದರು. ಆಗಲಿಲ್ಲ. ಮಧ್ಯಾಹ್ನ ಕಳೆಯುವ ಹೊತ್ತಿಗೆ ಎರಡೂ ಕಾರುಗಳು ಬಾಯಿ ತೆರೆದು ನಿಂತಿದ್ದವು. ಯಾವುದು ಯಾರದೆಂದು ಹೇಳುವವರೇ ಇರಲಿಲ್ಲ. ಮಾಡುವ ಕೆಲಸವೆಲ್ಲ ಮಾಡಿ, ತಮ್ಮನ್ನು ತಾವೇ ಮೆಚ್ಚಿಕೊಂಡು, ಚಹಾ ಎಲ್ಲಿ ಎಂದು ಕೇಳುವ ಇಂಥ ಉಪಕಾರಿಗಳನ್ನು ಕಂಡರೆ ನಮಗೂ ಮೈ ಉರಿಯುತ್ತದೆ. ಕನ್ನಡಕದವನಿಗೆ ಉರಿಯದಿರುತ್ತದೆಯೇ? ಚಹಾ ಮಾಡಿ ಕೊಡುವಾಗ ಲೋಟ ಕುಕ್ಕಿದ.

ಮೇಷ್ಟ್ರು ಬರುವ ಸಮಯವಾಯಿತು. ಕಂಡಕ್ಟರ್ ಬಾಯಿ ಒರೆಸಿಕೊಂಡು ನಿಟ್ಟುಸಿರುಬಿಟ್ಟ. "ನಾನು ಬೆಳಿಗ್ಗೇನೇ ಹೇಳಿದ್ನಲ್ಲ, ಇದು ಆಗೋ ಗಾಡಿ ಅಲ್ಲ ಅಂತ."

ಕನ್ನಡಕದವನ ಪಿತ್ತ ನೆತ್ತಿಗೇರಿತು. ಕಣ್ಣು ಕೆಂಪಾಯಿತು. ಕಾಲಲ್ಲಿದ್ದ ಚಪ್ಪಲಿ ಕೈಗೆ ಬಂತು. ವಯಸ್ಸಾದವನನ್ನು ಹೊಡೆಯುವಂತಿರಲಿಲ್ಲ. ತಿರುಗಿದವನೇ ಕಾರ್ಬ್ಯುರೇಟರಿಗೆ ಬಾರಿಸಿದ. "ದರಿದ್ರದ್ದೇ! ನನ್ನ ಮಾನ ಕಳೀತೀಯಾ? ನನ್ನ ಸಂಸಾರ ಹಾಳುಮಾಡ್ತೀಯಾ?" ಒಂದೊಂದು ಮಾತಿಗೂ ಒಂದೊಂದು ಏಟು.

ಹಳೆಯ ಪೆಟ್ರೋಲಿನ ಅಂಟಿನಲ್ಲಿ ಒಳಗೆಲ್ಲೋ ಸಿಕ್ಕಿಕೊಂಡಿದ್ದ, ಪೆಟ್ರೋಲು ತಡೆಯುವ ಸೂಜಿಯೊಂದು ಆ ಏಟಿಗೆ ಸಡಿಲವಾಯಿತು. ಇದು ಅಲ್ಲಿದ್ದ ಮೂವರಿಗೂ ತಿಳಿಯಲಿಲ್ಲ. ಸೀಟಿನಲ್ಲಿ ಕೂತಿದ್ದ ಡಾಕ್ಟರು ಹೆದರಿ ಕೀಲಿ ತಿರುಗಿಸಿಬಿಟ್ಟರು. ಕಾರು ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ಆಮೇಲೆ ಗಡಗಡ ಎಂದು ಓಡತೊಡಗಿತು.

ಮೂವರೂ ಅಪ್ಪಿಕೊಂಡರು. ಅಷ್ಟರಲ್ಲಿ ಗೇಟಿನ ಬಳಿ ಒಂದು ಲಾರಿ ನಿಂತಿತು. ಮೇಷ್ಟ್ರು ಇಳಿದು ಬಂದರು, ಕಿವಿಗೊಟ್ಟು ಕೇಳಿದರು. ಮುಖ ಬಾಡಿತು.

"ಇದು ಸ್ಟಾರ್ಟ್ ಆಗುತ್ತಲ್ರೀ!"

"ಬೊಂಬಾಟಾಗಿ ಆಗುತ್ತೆ ಸಾರ್!" ಎಂದ ಕನ್ನಡಕದವನು.

"ನನಗೆ ಆಗದೇ ಇರೋದು ಬೇಕಿತ್ತು. ನಾಳೆ ಮಕ್ಕಳಿಗೆ ಪರೀಕ್ಷೆ, ತೊಂದರೆ ಏನು ಅಂತ ಕಂಡುಹಿಡೀಬೇಕು. ಎರಡು ವರ್ಷದಿಂದ ಯಾರಿಗೂ ಗೊತ್ತಾಗಿಲ್ಲ ಅಂತ ನಿಮ್ಮ ಮನೆಯವ್ರು ಹೇಳಿದ್ದಕ್ಕೇ ಒಪ್ಪಿದ್ದು."

"ಒಂದು ವೈರ್ ಕಿತ್ಹಾಕಿ ಸಾರ್!"

"ನಾವು ಕಿತ್ರೆ ಅವರು ಒಂದೇ ನೋಟಕ್ಕೆ ಹಿಡೀತಾರೆ. ತಾನಾಗಿ ಕೆಟ್ಟಿದ್ದು ಬೇಕು. ಓಡೋ ಗಾಡಿ ನಮ್ಮಲ್ಲಿ ಬೇಕಾದಷ್ಟಿದೆ."

ಅವರು ಲಾರಿಯತ್ತ ತಿರುಗಿದಾಗ ಗೋಡೆಯಾಚೆಯಿಂದ ಕಂಡಕ್ಟರನ ಕೂಗು ಕೇಳಿಸಿತು. ಓಡತೊಡಗಿದ ಗಾಡಿಗೆ ಇನ್ನು ಬೇಡವೆಂದು ಬ್ಯಾಟರಿ ಬಿಚ್ಚಿ ಒಯ್ದು ಮರಳಿ ತನ್ನ ಕಾರಿಗೆ ಹಾಕಿ, ಕೈಗೆ ಸಿಕ್ಕ ಪ್ಲಗ್ಗು ವೈರುಗಳನ್ನೆಲ್ಲ ಕಂಡ ತೂತಿಗೆ ತುರುಕಿ, ಕೀಲಿ ತಿರುಗಿಸುತ್ತಿದ್ದ. "ಅಯ್ಯೋ! ನಿನ್ನೆ ತಾನೆ ಓಡಿಸಿದ್ದೆ!"

ಮೇಷ್ಟ್ರು ನಿಂತರು. ಗೋಡೆಯ ಬಳಿ ಬಂದು ಬಗ್ಗಿ ನೋಡಿದರು. "ಈ ವೈರ್ ಮೊದಲು ಎಲ್ಲಿತ್ತು?"

ಕಂಡಕ್ಟರ್ ಒಂದು ಕಡೆ ತೋರಿಸಿದ, ಡಾಕ್ಟರು ಇನ್ನೊಂದು ಕಡೆ, ಕನ್ನಡಕದವನು ಮತ್ತೊಂದು ಕಡೆ.

"ಕೆಡಿಸಿದೋರಿಗೇ ಗೊತ್ತಿಲ್ಲ!" ಮೇಷ್ಟ್ರ ಮುಖ ಹುಣ್ಣಿಮೆ ಚಂದ್ರನಾಯಿತು. "ಇದನ್ನ ಕೊಡ್ತೀರಾ?"

"ತಗೊಂಡ್ಹೋಗಿ, ಪುಣ್ಯ ಬರಲಿ," ಎಂದ ಕಂಡಕ್ಟರ್. ಹಗ್ಗ ಕಟ್ಟಿ ಎಳೆದುಕೊಂಡು ಹೋದದ್ದೂ ಆಯಿತು.

ಲಾರಿ ತಿರುವು ದಾಟುತ್ತಿದ್ದ ಹಾಗೆ ಹೊಲಿಗೆ ಯಂತ್ರಗಳ ಗಾಡಿ ಬಂತು, ಮುಂದೆ ಹೆಂಡತಿ. ಅವಳು ಷೆಡ್ಡು ನೋಡಿದಳು, ಗಡಗಡ ಎನ್ನುತ್ತಿದ್ದ ಕಾರನ್ನು ನೋಡಿದಳು, ಮಸಿ ಬಳಿದ ತನ್ನ ಬಿಳಿ ಬಟ್ಟೆಯನ್ನು ನೋಡಿದಳು. ಅತ್ತಿದ್ದರೂ ಅವನು ತಡೆದುಕೊಳ್ಳುತ್ತಿದ್ದ. ಅವಳು ಅಳಲಿಲ್ಲ.

"ನಾನು ಕೇಳ್ಕೊಂಡಿದ್ದು ಒಂದೇ. ಮುಟ್ಬೇಡಿ ಅಂತ."

"ಅದಲ್ಲ ಕಣೇ, ಇವರು..." ಎಂದು ಅವನು ಬೆರಳು ತೋರಿಸಿದ.

"ಯಾಕಮ್ಮಾ ಬೇಜಾರು?" ಎಂದ ಕಂಡಕ್ಟರ್, ಬೆರಳು ತನ್ನತ್ತ ಇರುವುದನ್ನು ಕಂಡೂ ಕಾಣದವನಂತೆ. "ನಮ್ಮ ಷೆಡ್ಡು ಈಗ ಖಾಲಿ. ಅಲ್ಲೇ ಇಳಿಸು ಯಂತ್ರಾನ. ಎಷ್ಟು ದಿನ ಬೇಕಾದ್ರೂ ಕ್ಲಾಸು ನಡೆಸ್ಕೋ."

ಅವಳ ಕಣ್ಣು ಈಗ ತುಂಬಿ ಬಂತು. "ಅಣ್ಣಾ, ಒಡಹುಟ್ಟಿದೋರೂ ಇಷ್ಟು ಮಾಡಲ್ಲ. ಇದಕ್ಕೆ ನಾನೇನು ಮಾಡ್ಲಿ?"

"ಏನೂ ಬೇಡಮ್ಮ. ನನಗೀಗ ಗಾಡಿ ಇಲ್ಲ, ಅಷ್ಟೇ. ಬೆಳಿಗ್ಗೆ ಮಾರ್ಕೆಟ್ಟು, ಸಂಜೆ ಮಗಳ ಮನೆ. ನಿಮ್ಮ ಯಜಮಾನ್ರು ಬಿಡುವಿದ್ದಾಗ..."

"ಬಿಡುವು ಮಾಡ್ಕೋತಾರೆ. ದಿನಾ ಕರ್ಕೊಂಡು ಹೋಗ್ತಾರೆ," ಎಂದಳು ಹೆಂಡತಿ, ಗಂಡನ ಕಡೆ ತಿರುಗಿಯೂ ನೋಡದೆ.

ಕನ್ನಡಕದವನು ಗುಡುಗಲು ಬಾಯಿ ತೆರೆದ. ಅಷ್ಟರಲ್ಲಿ ಕಂಡಕ್ಟರ್ ಆ ಕಾರಿನ ಹಿಂದಿನ ಸೀಟು ಹತ್ತಿ, ಕಿಟಕಿಯಿಂದ ಕೈ ಹೊರಹಾಕಿ, ಬಾಗಿಲಿಗೆ ಎರಡು ಸಲ ಬಡಿದ.

"ರೈಟ್, ರೈಟ್!"